ಮೆಡಿಕಲ್ ಮುಗಿಯುವವರೆಗೆ ಮೈ ಜೋಪಾನ

ನಮ್ಮ ಮನೆಯಲ್ಲಿ ಯಾರಾದರೂ "ನೀನು ಸುಮ್ನಿರು, ನಾನು ನೋಡ್ಕೋತೀನಿ" ಅಂದರೆ ಸಾಕು, ಕ್ರೇಪ್ ಬ್ಯಾಂಡೇಜ್ ಎಲ್ಲಿದೆ ಅಂತ ನಾನು ಹುಡುಕಲು ಶುರುಮಾಡುತ್ತೇನೆ. ಈ ಮಾತಿನ ಬೆನ್ನಿಗೇ ಯಾರದಾದರೂ ಸೊಂಟ ಉಳುಕುವುದು, ಮೊಣಕೈ ತರಚುವುದು, ಕಾಲು ಊದಿಕೊಳ್ಳುವುದು ಮೊದಲಿನಿಂದಲೂ ನಡೆದುಕೊಂಡು ಬಂದಿದೆ. ಬೇರೆ ವರ್ಷಗಳಲ್ಲಾದರೆ ನಕ್ಕು ಸುಮ್ಮನಾಗುತ್ತಿದ್ದೆ. ಆ ಒಂದು ವರ್ಷ ಮಾತ್ರ ನಗುವುದಕ್ಕೂ ನನಗೆ ಧೈರ್ಯ ಬರಲಿಲ್ಲ.

ಆಗ ನಮ್ಮವರು ಸೈನ್ಯದಲ್ಲಿ ಸುಬೇದಾರ್, ಆಫೀಸರುಗಳೂ 'ಸಾಬ್' ಅಂತ ಕರೆಯುವ ಹುದ್ದೆ. ಗುಡ್ಡದ ಮೇಲಿನ ಪೋಸ್ಟಿನಿಂದ ದಿಲ್ಲಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಕಂಟೋನ್ಮೆಂಟಿನಲ್ಲಿ ಕ್ವಾರ್ಟರ್ಸು ಸಿಕ್ಕಿತ್ತು. ಸುಬೇದಾರ್ ಮೇಜರ್ ಆಗುವ ಸರದಿ ಬಂದಿತ್ತು. ಅದಕ್ಕೆ ಮುಂಚೆ, ನವೆಂಬರಿನಲ್ಲಿ, ಮೆಡಿಕಲ್ ಪರೀಕ್ಷೆ. ಮೈಯೆಲ್ಲ ಸರಿಯಿದೆ ಅಂತ ಡಾಕ್ಟರು ಬರೆದರೆ ಪ್ರಮೋಷನ್, ಇನ್ನಷ್ಟು ವರ್ಷ ನೌಕರಿ. ಬರೆಯದಿದ್ದರೆ ಮಾರ್ಚಿಗೆ ರಿಟೈರು, ಮನೆ ಖಾಲಿ. ಮಗಳು ಹನ್ನೊಂದನೆಯ ಕ್ಲಾಸಿನಲ್ಲಿದ್ದಳು. ಹನ್ನೆರಡನೆಯದನ್ನು ಬೇರೆ ಊರಿನಲ್ಲಿ, ಬೇರೆ ಸ್ಕೂಲಿನಲ್ಲಿ ಓದು ಅಂತ ಅವಳಿಗೆ ಹೇಳುವುದು ಹೇಗೆ ಅನ್ನುವ ಯೋಚನೆಯಲ್ಲೇ ನನಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಬೇಸಿಗೆಯಿಂದ ಚಳಿಗಾಲದ ತನಕ ನನಗೆ ಇದ್ದದ್ದು ಒಂದೇ ಕೆಲಸ. ಐವತ್ತರ ಹತ್ತಿರ ಬಂದಿದ್ದರೂ ತಮಗೆ ಇನ್ನೂ ಇಪ್ಪತ್ತೇ ಅಂದುಕೊಂಡಿದ್ದ ಗಂಡನನ್ನು ಒಂದು ಗೀರೂ ಬೀಳದಂತೆ ಡಾಕ್ಟರ ಮುಂದೆ ತಂದು ನಿಲ್ಲಿಸುವುದು.

ಕೂಲರ್ ಎತ್ತಿದ್ದು

ನನ್ನ ಅಣ್ಣ ದಿಲ್ಲಿಯಲ್ಲೇ ಕಿದ್ವಾಯಿ ನಗರದಲ್ಲಿದ್ದ. ಯಾವುದೋ ಮಿನಿಸ್ಟ್ರಿಯಲ್ಲಿ ಸೆಕ್ಷನ್ ಆಫೀಸರ್. ಅವನೂ ನಮ್ಮವರೂ ಒಬ್ಬರನ್ನೊಬ್ಬರು ಭಾವ ಭಾವ ಅಂತ ಬಾಯಿ ತುಂಬಾ ಕರೆಯುತ್ತಿದ್ದರು. ಆದರೆ ಯಾರ ಮೈಯಲ್ಲಿ ಹೆಚ್ಚು ಕಸುವು ಅನ್ನುವ ವಿಷಯ ಬಂದರೆ ಇಬ್ಬರೂ ಹೈಸ್ಕೂಲು ಹುಡುಗರು.

ದಿಲ್ಲಿಯ ಸೆಕೆ ಶುರುವಾಗುತ್ತಿದ್ದ ಹಾಗೆ ಮನೆಮನೆಯಲ್ಲೂ ಕೂಲರ್ ಹೊರಗೆ ಬರುತ್ತದೆ. ತಗಡಿನ ದೊಡ್ಡ ಡಬ್ಬ, ಒಳಗೆ ಫ್ಯಾನು, ಮೂರು ಕಡೆ ಒದ್ದೆ ಹುಲ್ಲು. ಚಳಿಗಾಲವೆಲ್ಲ ಬಾಲ್ಕನಿಯಲ್ಲಿ ಹಳೆ ಬೆಡ್‌ಶೀಟ್ ಹೊದ್ದು ಮಲಗಿದ್ದ ಅದನ್ನು ಕಿಟಕಿಯ ಹೊರಗಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಮಾರ್ಕೆಟಿನಿಂದ ಇಬ್ಬರು ಕೂಲಿಯ ಭಯ್ಯಾಗಳನ್ನು ಕರೆದರೆ ಮುಗಿಯುವ ಕೆಲಸ. ಆದರೆ ಅಣ್ಣ ನಮ್ಮವರಿಗೆ ಫೋನ್ ಮಾಡಿದ. "ಭಾವ, ಭಾನುವಾರ ಬನ್ನಿ. ನಾವಿಬ್ಬರು ಇದ್ದೀವಲ್ಲ, ಹೊರಗಿನವರು ಯಾಕೆ?"

ಇವರೊಬ್ಬರನ್ನೇ ಕಳಿಸಿದರೆ ಕೆಟ್ಟೆ ಅಂತ ನಾನೂ ಮಗಳನ್ನು ಕರೆದುಕೊಂಡು ಹೋದೆ. ಹೋದವಳೇ ಹುಲ್ಲಿನ ಪ್ಯಾಡುಗಳನ್ನು ಇವರ ತೋಳಿಗೆ ತುಂಬಿದೆ. "ನೀವು ಇದನ್ನು ಹಿಡ್ಕೊಂಡು ನಿಂತ್ಕೊಳ್ಳಿ. ಬೇರೆ ಏನನ್ನೂ ಮುಟ್ಟಕೂಡದು."

ಅಣ್ಣ ನಕ್ಕ. "ನಿನ್ನ ಗಂಡನ್ನ ಶೋಕೇಸಲ್ಲಿ ಇಟ್ಕೊಳಮ್ಮ. ನಾನೊಬ್ಬನೇ ಎತ್ತುತ್ತೀನಿ, ನೋಡ್ತಾ ಇರು."

"ಬೇಡ ಕಣಣ್ಣ."

"ನೀನು ಸುಮ್ನಿರು, ನಾನು ನೋಡ್ಕೋತೀನಿ."

ಬಗ್ಗಿದ, ತಬ್ಬಿದ, ಎತ್ತಿದ. ಕೂಲರ್ ಮೊಣಕಾಲಿನ ತನಕ ಬಂತು. ಆಮೇಲೆ ಅದೂ ಮೇಲೆ ಬರಲಿಲ್ಲ, ಅಣ್ಣನೂ ಬರಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. "ಭಾವ..." ಅಂದ, ಅಷ್ಟೆ. ಕೂಲರ್ ಅವನ ಪಾದದ ಮೇಲೆ ಬೀಳುವುದಕ್ಕೆ ತಯಾರಾಗಿತ್ತು. ನಮ್ಮವರು ಹುಲ್ಲು ಎಸೆದು ಹಾರಿದರು. ನನಗೆ ಅಣ್ಣನ ಪಾದ ಕಾಣಲಿಲ್ಲ, ಕೂಲರ್ ಕಾಣಲಿಲ್ಲ, ಕಂಡದ್ದು ಇವರ ಸೊಂಟ ಒಂದೇ. "ರೀ, ಮೆಡಿಕಲ್ಲೂ!" ಅಂತ ಕಿರುಚಿದೆ. ಇವರು ಅಲ್ಲೇ ಬ್ರೇಕ್ ಹಾಕಿದ ಹಾಗೆ ನಿಂತರು. ಅಷ್ಟರಲ್ಲಿ ಮಗಳು ಮೂಲೆಯಲ್ಲಿದ್ದ ಬೆತ್ತದ ಸ್ಟೂಲು, ಮೋಢಾವನ್ನು ಕೂಲರಿನ ಕೆಳಗೆ ಒದ್ದು ತಳ್ಳಿದಳು. ಮೋಢಾ ಅಪ್ಪಚ್ಚಿಯಾಯಿತು. ಅಣ್ಣನ ಪಾದ ಉಳಿಯಿತು.

ಸೊಂಟ ಮಾತ್ರ ಬಗ್ಗಿದ್ದು ಬಗ್ಗಿದ ಹಾಗೇ ಉಳಿಯಿತು. ಡಿಸ್ಪೆನ್ಸರಿಯಲ್ಲಿ ಒಂದು ವಾರ ಮಲಗಿ ಅಂದರು. ಆದರೆ ಅವನ ಆಫೀಸಿಗೆ ಹೊಸ ಜಾಯಿಂಟ್ ಸೆಕ್ರೆಟರಿ ಆಗಷ್ಟೇ ಬಂದಿದ್ದರು, ರಜ ಹಾಕುವ ಹಾಗಿರಲಿಲ್ಲ. ಅಣ್ಣ ನೆಲ ನೋಡಿಕೊಂಡೇ ಆಫೀಸಿಗೆ ಹೋದ, ನೆಲ ನೋಡಿಕೊಂಡೇ ಫೈಲು ಕೊಟ್ಟ, ನೆಲ ನೋಡಿಕೊಂಡೇ "ಯೆಸ್ ಸರ್" ಅಂದ. ಸಾಹೇಬರಿಗೆ ಬಹಳ ಹಿಡಿಸಿತಂತೆ. "ದೊಡ್ಡವರ ಮುಂದೆ ಹೇಗೆ ನಿಲ್ಲಬೇಕು ಅಂತ ಇವರನ್ನು ನೋಡಿ ಕಲಿಯಿರಿ" ಅಂತ ಸೆಕ್ಷನ್ನಿಗೆಲ್ಲ ಹೇಳಿದರಂತೆ. ಎರಡು ವಾರದ ಮೇಲೆ ಅಣ್ಣನ ಸೊಂಟ ನೆಟ್ಟಗಾಯಿತು. ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರಂತೆ: "ಏನ್ರೀ, ಹೊಗಳಿದ್ದು ತಲೆಗೇರಿತಾ? ಬಹಳ ಸೆಟೆದುಕೊಂಡು ಓಡಾಡ್ತಿದ್ದೀರಿ?"

ಗಾಳಿಪಟದ ದಾರ

ಆಗಸ್ಟ್ ಹದಿನೈದಕ್ಕೆ ದಿಲ್ಲಿಯ ಆಕಾಶದಲ್ಲಿ ಗಾಳಿಪಟ ಬಿಟ್ಟು ಬೇರೇನೂ ಕಾಣುವುದಿಲ್ಲ. ಬೆಳಗಿನ ಧ್ವಜವಂದನೆ ಮುಗಿಸಿ ಬಂದ ನಮ್ಮವರು ಊಟ ಮಾಡಿ ಮಲಗುತ್ತಾರೆ ಅಂದುಕೊಂಡಿದ್ದೆ. ಮಗಳು ಗಾಳಿಪಟ ತಂದಿದ್ದಳು. ಇವರು ಅದನ್ನು ಕಂಡರು. ಮುಗಿಯಿತು, ಅಪ್ಪ ಮಗಳು ಇಬ್ಬರೂ ಟೆರೇಸಿನ ಮೇಲೆ.

ಟೆರೇಸಿನ ಸುತ್ತಲ ಗೋಡೆ ಮೊಣಕಾಲಿನಷ್ಟು ಎತ್ತರ. ಗಾಳಿಪಟ ಹಾರಿಸುವವರು ಮೇಲೆ ನೋಡುತ್ತಾರೆ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ. ನಾನೂ ಹಿಂದೆಯೇ ಮೇಲೆ ಹತ್ತಿದೆ. ಹೋಗಿ ಇವರ ಬೆಲ್ಟನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರು ಎಡಕ್ಕೆ ಓಡಿದರೆ ನಾನೂ ಎಡಕ್ಕೆ, ಬಲಕ್ಕೆ ಓಡಿದರೆ ಬಲಕ್ಕೆ.

"ಏನೇ ಇದು, ಎಲ್ಲ ನೋಡ್ತಿದ್ದಾರೆ!"

"ನೋಡಲಿ. ಕೆಳಗೆ ಬಿದ್ದ ಮೇಲೆ ನೋಡೋದಕ್ಕಿಂತ ಈಗಲೇ ನೋಡಲಿ."

ಪಕ್ಕದ ಟೆರೇಸಿನವರು ಇವರ ಪಟವನ್ನು ಕತ್ತರಿಸಿ "ಕಾಟಾ!" ಅಂತ ಕೂಗಿದರು. ಅಷ್ಟರಲ್ಲಿ ಬೇರೆ ಯಾರದೋ ಕತ್ತರಿಸಿದ ಪಟ ನಮ್ಮ ತಲೆಯ ಮೇಲಿಂದ ತೇಲಿ ಹೋಗುತ್ತಿತ್ತು. ಅದರ ದಾರ ಇಳಿಬಿದ್ದಿತ್ತು. ಇವರು ಕೈ ಚಾಚಿದರು. ಮಗಳು ಕೂಗಿಕೊಂಡಳು, "ಅಪ್ಪಾ, ಮತ್ ಪಕಡೋ, ಹಿಡೀಬೇಡಿ! ಅದು ಮಾಂಜಾ, ಗಾಜು ಹಚ್ಚಿರ್ತಾರೆ, ಕೈ ಕಟ್ ಹೋ ಜಾಯೇಗಾ!"

"ಬಂದೂಕು ಹಿಡಿದ ಕೈ ಇದು. ದಾರಕ್ಕೆ ಹೆದರುತ್ತಾ?" ಅಂತ ಗಬಕ್ಕನೆ ಹಿಡಿದರು. ಅದೇ ಹೊತ್ತಿಗೆ ಗಾಳಿ ಬೀಸಿತು. ದಾರ ಸರ್ರನೆ ಜಾರಿತು. ಕೈ ತೆಗೆದು ನೋಡಿದರೆ ಬಲಗೈಯ ತೋರುಬೆರಳು ಕೆಂಪಗೆ ಬಾಯಿ ಬಿಟ್ಟಿತ್ತು.

ಟ್ರಿಗರ್ ಒತ್ತುವ ಬೆರಳು! ಬೆಲ್ಟು ಹಿಡಿದು ಇಡೀ ಮನುಷ್ಯನನ್ನು ಉಳಿಸಿಕೊಂಡಿದ್ದೆ, ಬೆರಳೊಂದನ್ನು ಕಾಯಲು ಆಗಲಿಲ್ಲವಲ್ಲ ಅಂತ ಅಳುವೇ ಬಂತು. ಹೊಲಿಗೆ ಹಾಕಿದರು. ಮಡಚಬಾರದು ಅಂತ ಪಟ್ಟಿ ಇಟ್ಟು ದಪ್ಪಗೆ ಸುತ್ತಿದರು. ಬೆರಳು ಮೊದಲಿನಂತೆ ಮಡಚುತ್ತದೋ ಇಲ್ಲವೋ ಹೊಲಿಗೆ ಬಿಚ್ಚಿದ ಮೇಲೇ ಗೊತ್ತಾಗುವುದು ಅಂದರು. ಪಟ್ಟಿ ತೆಗೆದ ದಿನದಿಂದ ನಾನು ಇವರನ್ನು ಅಡುಗೆಮನೆಯಲ್ಲಿ ಕೂರಿಸಿ ಬೆಳ್ಳುಳ್ಳಿ ಸುಲಿಸಿದೆ. ಸುಲಿದೂ ಸುಲಿದೂ ಬೆರಳು ದಾರಿಗೆ ಬಂತು. ಮನೆಯೆಲ್ಲ ಬೆಳ್ಳುಳ್ಳಿ ವಾಸನೆ.

ಪಟ್ಟಿ ಇದ್ದಾಗಿನ ಮಾತು ಹೇಳಲೇಬೇಕು. ನಾಲ್ಕು ಬೆರಳು ಒಂದು ಕಡೆ, ಬಿಳಿ ಬಟ್ಟೆ ಸುತ್ತಿದ ತೋರುಬೆರಳು ಒಂದು ಕಡೆ. ಅದೇ ಕೈಯಲ್ಲಿ ಕರ್ನಲ್ ಸಾಹೇಬರ ಕೋಣೆಗೆ ಹೋಗಿ ಟಪ್ಪನೆ ಸೆಲ್ಯೂಟ್ ಹೊಡೆದರಂತೆ. ಸುತ್ತಿದ ಬೆರಳು ನೆಟ್ಟಗೆ ಮೇಲಕ್ಕೆ ತೋರಿಸುತ್ತಿತ್ತಂತೆ. ಸಾಹೇಬರು ಸೆಲ್ಯೂಟ್ ಸ್ವೀಕರಿಸುವುದನ್ನು ಬಿಟ್ಟು ತಲೆಯೆತ್ತಿ ಚಾವಣಿ ನೋಡಿ ಕೇಳಿದರಂತೆ: "ಕ್ಯಾ ಹುವಾ ಸಾಬ್, ಫ್ಯಾನ್ ಬೀಳ್ತಾ ಇದೆಯಾ?"

ರೋಹಿಣಿ ದಾರಿಯಲ್ಲಿ ಓಡುವ ಮೆಟ್ಟಿಲು

ದಸರೆಯ ಹೊತ್ತಿಗೆ ಅತ್ತಿಗೆಯ ತಂಗಿ ದಿಲ್ಲಿಯ ಇನ್ನೊಂದು ತುದಿಯ ರೋಹಿಣಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡು ಗೃಹಪ್ರವೇಶ ಇಟ್ಟುಕೊಂಡಳು. ಆಗ ಮೆಟ್ರೋ ಹೊಸದು. ಅಣ್ಣ, ಅತ್ತಿಗೆ, ನಾವಿಬ್ಬರು ಹೊರಟೆವು. ಅತ್ತಿಗೆ ರೇಷ್ಮೆ ಸೀರೆ ಉಟ್ಟಿದ್ದರು. ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮಿಗೆ ಹತ್ತುವ ಎಸ್ಕಲೇಟರ್ ಮುಂದೆ ಬಂದು ನಿಂತವರು ಕಾಲೇ ಎತ್ತಲಿಲ್ಲ. "ಇದು ಸೀರೆ ನುಂಗುತ್ತೆ. ನಾನು ಒಲ್ಲೆ."

ಅಣ್ಣ ಅಷ್ಟು ಹೊತ್ತಿಗೆ ಮೆಟ್ರೋದಲ್ಲಿ ಎರಡು ಸಲ ಓಡಾಡಿದ್ದ, ಅಂದರೆ ಎಲ್ಲ ಬಲ್ಲವನಾಗಿದ್ದ. "ಇದರಲ್ಲೇನಿದೆ? ನನ್ನನ್ನು ನೋಡು" ಅಂದವನು ಅತ್ತಿಗೆಯ ಎರಡೂ ಕೈ ಹಿಡಿದು, ಅವರ ಕಡೆಗೇ ಮುಖ ಮಾಡಿಕೊಂಡು, ಹಿಮ್ಮುಖವಾಗಿ ಎಸ್ಕಲೇಟರ್ ಹತ್ತಿದ. ಮೆಟ್ಟಿಲು ಮೇಲೆ ಹೊರಟಿತು. ಅಣ್ಣನೂ ಹೊರಟ. ಅತ್ತಿಗೆ ಹೊರಡಲಿಲ್ಲ.

"ಕಾಲಿಡೇ!"

"ಕೈ ಬಿಡ್ರೀ!"

ಇಬ್ಬರೂ ಹಗ್ಗದ ಹಾಗೆ ಉದ್ದವಾದರು. ಅಣ್ಣ ಮೇಲಿಂದ ಬಗ್ಗಿ ಬಗ್ಗಿ ಕೊನೆಗೆ ಕೈ ಬಿಟ್ಟ. ಬಿಟ್ಟ ರಭಸಕ್ಕೆ ಹಿಂದಕ್ಕೆ ಕುಕ್ಕರಿಸಿ ಮೆಟ್ಟಿಲಿನ ಅಂಚಿನ ಮೇಲೆ ಕುಳಿತುಬಿಟ್ಟ. ಏಳಲು ನೋಡಿದ, ಜಾರಿದ, ಮತ್ತೆ ಕುಳಿತ. ಹಾಗೇ ಕುಳಿತುಕೊಂಡು, ಒಂದು ಕಾಲು ಮೇಲೆ ಮಾಡಿಕೊಂಡು, "ಭಾವಾ!" ಅಂತ ಕೂಗುತ್ತಾ ಮೇಲೆ ಹೋಗುತ್ತಿದ್ದ.

ನಮ್ಮವರ ಕಣ್ಣಿನಲ್ಲಿ ಯುದ್ಧ ಕಂಡಿತು. ಮೇಲೆ ಹೋಗುವ ಎಸ್ಕಲೇಟರಿನ ಬಾಯಲ್ಲಿ ಅತ್ತಿಗೆ ಅಡ್ಡ ನಿಂತಿದ್ದರು. ಇವರು ಕೆಳಗೆ ಇಳಿಯುವ ಎಸ್ಕಲೇಟರ್ ಕಡೆಗೆ ತಿರುಗಿ, ಅದರಲ್ಲೇ ಮೇಲಕ್ಕೆ ಓಡುವುದಕ್ಕೆ ಪ್ಯಾಂಟು ಎತ್ತಿಕೊಂಡರು. ಮೆಡಿಕಲ್ಲಿಗೆ ಉಳಿದದ್ದು ಬೆರಳೆಣಿಕೆಯ ವಾರಗಳು. ಎದುರಿಂದ ಒಂದು ದೊಡ್ಡ ಸಂಸಾರ ಸೂಟ್‌ಕೇಸು ಸಮೇತ ಇಳಿದು ಬರುತ್ತಿತ್ತು. ಮಾತಾಡಲು ಪುರಸೊತ್ತಿರಲಿಲ್ಲ. ಇವರ ಶರ್ಟಿನ ಹಿಂಭಾಗವನ್ನು ಹಿಡಿದು ಜೋತುಬಿದ್ದೆ. ಇವರು ಮುಂದಕ್ಕೆ ಎಳೆದರು, ನಾನು ಹಿಂದಕ್ಕೆ ಎಳೆದೆ. ಪರ್ರ್ ಅಂತ ಶಬ್ದವಾಯಿತು. ಇವರು ನಿಂತರು.

ನಾವು ಮೇಲೆ ಹೋಗಿ ನೋಡಿದರೆ ಅಣ್ಣ ಕಾವಲುಗಾರನ ತೋಳಿನಲ್ಲಿದ್ದ. ಮೊಣಕೈ ತರಚಿತ್ತು. ಕುಳಿತುಕೊಳ್ಳುವ ಜಾಗಕ್ಕೆ ಏನಾಗಿತ್ತೋ ಅವನೇ ಬಲ್ಲ, ಗೃಹಪ್ರವೇಶದ ಊಟವನ್ನೂ ನಿಂತುಕೊಂಡೇ ಮಾಡಿದ. ಅತ್ತಿಗೆ ಪಕ್ಕದ ಲಿಫ್ಟಿನಿಂದ ನೆರಿಗೆ ಕೂಡ ಕದಲದೆ ಹೊರಗೆ ಬಂದು, "ಲಿಫ್ಟ್ ಇರೋದು ನಿಮಗೆ ಗೊತ್ತಿರಲಿಲ್ವಾ?" ಅಂತ ಅವನನ್ನೇ ಕೇಳಿದರು.

ಬೆನ್ನಿನ ಮೇಲೆ ಅಂಗೈಯಗಲ ಹರಿದ ಶರ್ಟಿನಲ್ಲೇ ನಮ್ಮವರು ಗೃಹಪ್ರವೇಶಕ್ಕೆ ಬಂದರು. "ಅಯ್ಯೋ, ಹೊಸ ಶರ್ಟು!" ಅಂತ ಆ ಮನೆಯವರು ಮರುಗಿದರು. ನಾನು ಹೇಳಿದೆ: "ಪರವಾಗಿಲ್ಲ ಬಿಡಿ, ಶರ್ಟಿಗೆ ಮೆಡಿಕಲ್ ಇಲ್ಲ."

ಹಗ್ಗ ಜಗ್ಗಾಟ

ನವೆಂಬರ್ ಬಂತು. ಮೊದಲ ಶನಿವಾರ ನಮ್ಮ ಕಡೆಯವರೆಲ್ಲ ಸೇರಿ ಪಾರ್ಕಿನಲ್ಲಿ ರಾಜ್ಯೋತ್ಸವ ಇಟ್ಟುಕೊಂಡಿದ್ದರು. ಇವರ ಮೆಡಿಕಲ್ ಅದರ ಮರುವಾರ. ಬಿಸಿಬೇಳೆ ಬಾತು, ಮಕ್ಕಳ ಡ್ಯಾನ್ಸು, ಅಧ್ಯಕ್ಷರ ಭಾಷಣ ಮುಗಿದ ಮೇಲೆ ಹಗ್ಗ ಜಗ್ಗಾಟ. ಒಂದು ಕಡೆ ಫೌಜಿನವರು, ಇನ್ನೊಂದು ಕಡೆ ಸೆಕ್ರೆಟೇರಿಯಟ್ಟಿನವರು. ಎಲ್ಲರೂ ಸುಬೇದಾರರೇ ಬನ್ನಿ ಬನ್ನಿ ಅಂತ ಕರೆದರು. ನಾನು ಇವರ ಮುಖ ನೋಡಿದೆ. ಇವರು ಹಗ್ಗ ನೋಡಿದರು, ನನ್ನನ್ನು ನೋಡಿದರು, ಮಗಳನ್ನು ನೋಡಿದರು.

"ಇಲ್ಲ. ಈ ಸಲ ನನ್ನಿಂದ ಆಗಲ್ಲ" ಅಂದರು.

ಮದುವೆಯಾದ ಮೇಲೆ ಇವರ ಬಾಯಲ್ಲಿ ಈ ಮಾತು ಕೇಳಿದ್ದು ಅದೇ ಮೊದಲು. ಯಾರೋ ಹಿಂದಿನಿಂದ "ಫೌಜಿ ಹೆದರಿಬಿಟ್ಟ" ಅಂತ ನಕ್ಕರು. ಇವರು ಹೋಗಿ ಕುರ್ಚಿಯ ಮೇಲೆ ಕುಳಿತರು. ಆರು ತಿಂಗಳು ಬೇಡ ಬೇಡ ಅಂದವಳು ನಾನೇ. ಆದರೆ ಇವರು ಹಾಗೆ ತಲೆ ತಗ್ಗಿಸಿ ಕುಳಿತದ್ದು ಕಂಡು ನನಗೇ ಕಣ್ಣು ತುಂಬಿತು.

ಆಮೇಲೆ ಹೆಂಗಸರ ಸರದಿ ಬಂತು. ಫೌಜಿನವರ ಹೆಂಡಂದಿರು ಈ ಕಡೆ, ಸೆಕ್ರೆಟೇರಿಯಟ್ಟಿನವರ ಹೆಂಡಂದಿರು ಆ ಕಡೆ. ಆ ಕಡೆಗೆ ನಮ್ಮ ಅತ್ತಿಗೆಯೇ ಲೀಡರ್. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ. ಮಗಳು ಗಾಬರಿಯಾದಳು. "ಮಮ್ಮಿ, ನೀವು? ರಹನೇ ದೋ, ಬೇಡ!"

"ನನಗೇನು ಮೆಡಿಕಲ್ ಇದೆಯಾ?" ಅಂತ ಹೋಗಿ ಹಗ್ಗದ ತೀರಾ ಹಿಂದಿನ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡೆ. ಅಲ್ಲಿ ನಿಲ್ಲುವವರು ಎಲ್ಲರಿಗಿಂತ ಗಟ್ಟಿಗರಾಗಿರಬೇಕು. ನಾನು ಗಟ್ಟಿಗಿತ್ತಿ ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೇ ತೀರ್ಮಾನಿಸಿದ್ದೆ.

ನಮ್ಮವರಿಗೆ ಜೀವ ಬಂತು. ಹಗ್ಗ ಮುಟ್ಟಬಾರದು, ಸರಿ. ಹೇಳಿಕೊಡಬಾರದು ಅಂತ ಯಾರೂ ಹೇಳಿಲ್ಲವಲ್ಲ. ಕುರ್ಚಿ ಎಳೆದುಕೊಂಡು ಬಂದು ನನ್ನ ಬೆನ್ನ ಹಿಂದೆಯೇ ಹಾಕಿಕೊಂಡು ಕುಳಿತರು. "ಹಿಮ್ಮಡಿ ಊರು! ಹಿಂದಕ್ಕೆ ವಾಲು! ಇನ್ನೂ ವಾಲು!"

ನಾನು ವಾಲಿದೆ. ಹಗ್ಗ ನಮ್ಮ ಕಡೆಗೆ ಬಂತು. "ಇನ್ನೂ!" ಅಂದರು, ಇನ್ನೂ ವಾಲಿದೆ. ಆಕಾಶ ಕಾಣುತ್ತಿತ್ತು. ಆ ಕಡೆಯಿಂದ ಅತ್ತಿಗೆಯ ದನಿ ಕೇಳಿತು, "ಅಯ್ಯೋ ನನ್ನ ಬಳೆ! ಚಿನ್ನದ ಬಳೆ ಬಗ್ತಾ ಇದೆ! ಬಿಟ್ಬಿಡ್ರೇ ಎಲ್ಲಾರೂ!"

ಅಷ್ಟೂ ಜನ ಒಟ್ಟಿಗೇ ಹಗ್ಗ ಬಿಟ್ಟರು.

ನಾನು ಹಾರಿದ್ದು ನೆನಪಿದೆ. ಬಿದ್ದದ್ದು ಗಟ್ಟಿ ನೆಲದ ಮೇಲಲ್ಲ ಅನ್ನುವುದೂ ನೆನಪಿದೆ. ನನ್ನ ಮುಂದಿದ್ದ ಇಬ್ಬರು ಹೆಂಗಸರು ನನ್ನ ಮೇಲೆ ಬಿದ್ದರು. ಪ್ಲಾಸ್ಟಿಕ್ ಕುರ್ಚಿ ನಾಲ್ಕೂ ಕಾಲು ಚಾಚಿತು. ಎಲ್ಲರ ಕೆಳಗಿನಿಂದ ಸಣ್ಣ ದನಿಯಲ್ಲಿ "ನನ್ನ ಕಾಲು" ಅಂತ ಕೇಳಿಸಿತು. ನನಗೆ ಒಂದು ಗೀರೂ ಆಗಿರಲಿಲ್ಲ. ಇವರ ಎಡಗಾಲಿನ ಹರಡು ನೋಡುತ್ತಿದ್ದ ಹಾಗೇ ಬದನೆಕಾಯಿಯಷ್ಟಾಯಿತು.

ಮರುದಿನ ಭಾನುವಾರ ನಾನು ಇವರ ಕಾಲಿಗೆ ಐಸು ಇಡುತ್ತಾ ಕುಳಿತೆ. ಸಂಜೆ ಇವರು ಕಾಲಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಮೇಲೆ ಸಾಕ್ಸು ಹಾಕಿ, ಹಲ್ಲು ಕಚ್ಚಿಕೊಂಡು ಕೋಣೆಯಲ್ಲಿ ನಡೆದು ನೋಡಿದರು. "ಯಾರಿಗೂ ಗೊತ್ತಾಗಲ್ಲ. ಓಡು ಅಂದ್ರೂ ಓಡ್ತೀನಿ." ಹೇಳುವಾಗ ಹಣೆಯಲ್ಲಿ ಬೆವರಿತ್ತು.

ಮಗಳು ಪುಸ್ತಕ ಮುಚ್ಚಿ ಎದ್ದು ಬಂದಳು. "ಅಪ್ಪಾ, ಡಾಕ್ಟರ್‌ಗೆ ಸಚ್ ಬೋಲ್ ದೋ, ನಿಜ ಹೇಳಿಬಿಡಿ. ನನಗೆ ಬೇರೆ ಸ್ಕೂಲ್ ಆದ್ರೂ ಪರವಾಗಿಲ್ಲ. ನಿಮ್ಮ ಕಾಲು ಬೇರೆ ಸಿಗಲ್ಲ ನಾ?" ಅಂದಳು. ಇವರು ಅಲ್ಲೇ ಮಂಚದ ಮೇಲೆ ಕುಳಿತು ಸಾಕ್ಸು ಬಿಚ್ಚಿದರು.

ಮೆಡಿಕಲ್ಲಿಗೆ ಕುಂಟಿಕೊಂಡೇ ಹೋದರು. ನಾನು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕುಳಿತು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಒಳಗೆ ನಡೆದದ್ದನ್ನು ಇವರು ಆಮೇಲೆ ಹೇಳಿದ್ದು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕ್ಯಾಪ್ಟನ್. ಕಾಲು ನೋಡಿ ಕೇಳಿದರಂತೆ, "ಇದು ಹೇಗಾಯಿತು ಸಾಬ್?"

"ನನ್ನ ಹೆಂಡತಿ ಬಿದ್ದಳು, ಮೇಡಂ."

"ಹೆಂಡತಿ ಬಿದ್ದರೆ ನಿಮ್ಮ ಕಾಲು ಹೇಗೆ ಊದಿತು?"

"ನನ್ನ ಮೇಲೆ ಬಿದ್ದಳು. ಹಿಂದಕ್ಕೆ ವಾಲು ಅಂತ ನಾನೇ ಆರ್ಡರ್ ಕೊಟ್ಟಿದ್ದೆ. ಇವತ್ತು ನನ್ನಿಂದ ಓಡೋಕೆ ಆಗಲ್ಲ, ಮೇಡಂ."

ಆ ಹುಡುಗಿ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡು ಬಿಪಿ ನೋಡಿದರಂತೆ. ನಗು ನಿಂತುಹೋಯಿತಂತೆ. ಬಿಪಿ ಮೇಲಿತ್ತು. ಇವರಿಗೆ ಅದುವರೆಗೆ ಅದರ ಸುಳಿವೇ ಇರಲಿಲ್ಲ. ಸುಸ್ತಾದರೆ ಎರಡು ಸುತ್ತು ಹೆಚ್ಚಿಗೆ ಓಡುವುದೇ ಮದ್ದು ಅಂದುಕೊಂಡಿದ್ದವರು. ಡಾಕ್ಟರು ಹೇಳಿದರಂತೆ: "ಕಾಲು ಸರಿಯಿದ್ದು ಈ ಬಿಪಿ ಬಂದಿದ್ದರೆ ಇವತ್ತೇ ಅನ್‌ಫಿಟ್ ಅಂತ ಬರೆದುಬಿಡುತ್ತಿದ್ದೆ, ನಿಮ್ಮ ಪ್ರಮೋಷನ್ ಅಲ್ಲಿಗೆ ಮುಗಿಯುತ್ತಿತ್ತು. ಈಗ ನೋವಿಗೂ ಏರಿರಬಹುದು. ಮೂರು ವಾರ ಮನೆಯಲ್ಲಿ ಕೂತ್ಕೊಳ್ಳಿ. ಉಪ್ಪು ಕಡಿಮೆ, ಓಟ ಬಂದ್. ಆಮೇಲೆ ಎಲ್ಲ ಒಟ್ಟಿಗೇ ನೋಡೋಣ."

ಮೂರು ವಾರ ಇವರು ಕುಳಿತರು. ನಿಜವಾಗಿ ಕುಳಿತರು. ಉಪ್ಪಿಲ್ಲದ ಸಾರನ್ನು ಗೊಣಗದೆ ಉಂಡರು. ಎರಡನೆಯ ಸಲ ಹೋದಾಗ ಅದೇ ಬೆಂಚಿನ ಮೇಲೆ ಕುಳಿತಿದ್ದೆ. ಇವರು ಬಾಗಿಲು ತಳ್ಳಿ ನೆಟ್ಟಗೆ ನಡೆದು ಬಂದರು. ಮುಖ ನೋಡಿದ ಕೂಡಲೇ ಗೊತ್ತಾಯಿತು. ಅಲ್ಲೇ, ಅಷ್ಟು ಜನರ ಮುಂದೆ, ಬಿಕ್ಕಿ ಬಿಕ್ಕಿ ಅತ್ತೆ.

ಹೊಸ ವರ್ಷಕ್ಕೆ ಇವರು ಸುಬೇದಾರ್ ಮೇಜರ್ ಆದರು. ಅಣ್ಣ ಅತ್ತಿಗೆ ಸಿಹಿ ತಂದರು, ಅಕ್ಕಪಕ್ಕದವರು ಬಂದರು, ಮನೆ ತುಂಬಿತು. ಎಲ್ಲರೂ ಇವರನ್ನು ಹೊಗಳುವುದು ಕೇಳಿ ಕೇಳಿ ನನಗೆ ಸುಮ್ಮನಿರಲು ಆಗಲಿಲ್ಲ. "ನೀವೆಲ್ಲ ಏನೇ ಹೇಳಿ, ಅವತ್ತು ನಾನು ಸರಿಯಾದ ಜಾಗ ನೋಡಿ ಬಿದ್ದೆ, ಅದಕ್ಕೇ ಇವರಿಗೆ ಈ ಪ್ರಮೋಷನ್ ಸಿಕ್ಕಿದ್ದು" ಅಂದೆ.

ಇವರು ಪೇಡಾ ಕೆಳಗಿಟ್ಟು ಎರಡೂ ಕೈ ಜೋಡಿಸಿದರು. "ಆ ಉಪಕಾರ ಸಾಯೋ ತನಕ ಮರೆಯಲ್ಲ ಕಣೇ. ಆದರೆ ಸುಬೇದಾರ್ ಮೇಜರ್ ಆದ ಮೇಲೆ ನಮಗೆ ಬೇರೆ ಪ್ರಮೋಷನ್ ಇಲ್ಲ. ದಯವಿಟ್ಟು ಇನ್ನು ಬೀಳಬೇಡ."